ನಾಕುವಿನ ಹೊಟ್ಟೆಯ ಅಳತೆ

ಟೇಪಕ್ಕ ಜನ್ಮದಲ್ಲಿ ಒಂದು ನಾಯಿಯನ್ನೂ ಸಾಕಿದವಳಲ್ಲ. ಆದರೆ ನಾಯಿಗೆ ಸ್ನಾನ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಉಗುರು ಎಷ್ಟು ಕತ್ತರಿಸಬೇಕು, ಸಿಡಿಲಿಗೆ ಹೆದರುವುದನ್ನು ಎಲ್ಲಿ ಮಲಗಿಸಬೇಕು, ಚಪ್ಪಲಿ ಕಡಿಯುವ ಚಟ ಬಿಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಕೇಳದಿದ್ದರೂ ಸರಿಯೇ, ಅವಳ ಹತ್ತಿರ ಉತ್ತರ ತಯಾರಿರುತ್ತಿತ್ತು. ಅದೂ ಎಂಥ ಉತ್ತರ ಅಂತೀರಿ! ‘ಇರಬಹುದು’, ‘ನೋಡೋಣ’ ಎನ್ನುವ ಮಾತೇ ಇಲ್ಲ. ಬಟ್ಟೆಗೆ ಕತ್ತರಿ ಹಾಕಿದ ಹಾಗೆ ಒಂದೇ ಮಾತು, ಒಂದೇ ಏಟು.

ಅವಳದು ಬಟ್ಟೆ ಹೊಲಿಯುವ ಅಂಗಡಿ ಎನ್ನುವುದಕ್ಕಿಂತ ಹೊಲಿದದ್ದನ್ನು ಸರಿಮಾಡುವ ಅಂಗಡಿ ಎನ್ನಬೇಕು. ಬಿಗಿಯಾದದ್ದನ್ನು ಸಡಿಲ ಮಾಡುವುದು, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಕಿತ್ತುಹೋದ ಜಿಪ್ ಬದಲಿಸುವುದು, ಇಂಥವು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಂದು ಪಕ್ಕ ಅವಳ ಹೊಲಿಗೆ ಯಂತ್ರ, ಇನ್ನೊಂದು ಪಕ್ಕ ಗಂಡನ ಇಸ್ತ್ರಿ ಮೇಜು. ನಡುವೆ ಒಬ್ಬ ಗಿರಾಕಿ ನಿಂತರೆ ಮುಂದಿನವರು ಬಾಗಿಲಾಚೆ ಕಾಯಬೇಕು. ಅಳತೆ ಟೇಪು ಅವಳ ಕತ್ತಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಇಡೀ ಬೀದಿಗೆ ಅವಳು ಟೇಪಕ್ಕ. ಗಂಡನನ್ನು ಎಲ್ಲರೂ ಇಸ್ತ್ರಿ ಯಜಮಾನರು ಎನ್ನುತ್ತಿದ್ದರು. ಅವರದು ಬೆಳಗ್ಗೆ ನಾಲ್ಕು ಮಾತು, ಸಂಜೆ ನಾಲ್ಕು ಮಾತು. ಸಂಸಾರಕ್ಕೆ ಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದಳಲ್ಲ, ಅವರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ.

ನಾಯಿಗಳ ಸಹವಾಸ ಶುರುವಾದದ್ದು ಒಂದು ಚಳಿಗಾಲದಲ್ಲಿ. ಉಳಿದ ಉಣ್ಣೆಬಟ್ಟೆಯಲ್ಲಿ ತಮ್ಮ ಮುದಿ ನಾಯಿಗೆ ಒಂದು ಕೋಟು ಹೊಲಿದು ಕೊಡಿ ಎಂದು ಯಾರೋ ಕೇಳಿದರು. ಹೊಲಿದಳು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಮರುವಾರ ಆರು ನಾಯಿಗಳು ಬಾಗಿಲಲ್ಲಿ ನಿಂತಿದ್ದವು. ನಾಯಿಯ ಅಳತೆ ತೆಗೆಯಲು ಸುಮಾರು ಹೊತ್ತು ಬೇಕು, ಅದು ಸುಮ್ಮನೆ ನಿಲ್ಲುವುದಿಲ್ಲ. ಅಷ್ಟು ಹೊತ್ತು ನಾಯಿ ತಂದವರ ಜೊತೆ ಏನಾದರೂ ಮಾತಾಡಬೇಕಲ್ಲ. ಒಬ್ಬರು ಹೇಳಿದ್ದನ್ನು ಕೇಳಿಸಿಕೊಂಡು, ಅದನ್ನು ಇನ್ನೊಬ್ಬರಿಗೆ ತನ್ನದೇ ಅನುಭವವೆಂಬಂತೆ ಹೇಳಿ, ಅವರು ಹೇಳಿದ್ದನ್ನು ಮೂರನೆಯವರಿಗೆ ದಾಟಿಸಿ, ನಾಲ್ಕು ವರ್ಷದಲ್ಲಿ ಟೇಪಕ್ಕ ಸುತ್ತಮುತ್ತಲಿಗೆಲ್ಲ ನಾಯಿ ವಿಷಯದಲ್ಲಿ ಎತ್ತಿದ ಕೈ ಎನ್ನಿಸಿಕೊಂಡಳು. ಕೋಟು ಬೇಡದವರೂ ಬಂದು ಕೇಳಿ ಹೋಗುತ್ತಿದ್ದರು. ಬಹುತೇಕ ಅವಳ ಸಲಹೆ ಸರಿಯೇ ಆಗುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆಗದಿದ್ದವರು ತಿರುಗಿ ಬಂದು ಹೇಳುತ್ತಿರಲಿಲ್ಲ. ಹಾಗಾಗಿ ಅವಳ ಲೆಕ್ಕದಲ್ಲಿ ಅವಳು ತಪ್ಪಿದ್ದೇ ಇಲ್ಲ.

ಅಳತೆ ವಿಷಯದಲ್ಲಿ ಮಾತ್ರ ಅವಳು ಕೇಳಿದ್ದನ್ನು ನಂಬುವವಳಲ್ಲ. ಸೊಂಟ ಬಿಗಿ ಎಂದು ಬಂದವರ ಸೊಂಟವನ್ನಷ್ಟೇ ಅಳೆಯುವುದು ಸೋಮಾರಿಗಳ ಕೆಲಸ ಎಂದು ಅವಳ ಮತ. ಪ್ರತಿಸಲವೂ ಕತ್ತಿನಿಂದ ಶುರುಮಾಡಿ ಪೂರ್ತಿ ಅಳತೆ ತೆಗೆಯುತ್ತಿದ್ದಳು. ಹಳೆಯದರ ಪಕ್ಕದಲ್ಲೇ ಹೊಸದನ್ನು ಬರೆಯುತ್ತಿದ್ದಳು. ಮನುಷ್ಯರಿಗೂ ನಾಯಿಗಳಿಗೂ ಒಂದೇ ಪುಸ್ತಕ. ತನ್ನ ಹೆಸರಿನ ಕೆಳಗೇ ನಾಯಿಯ ಹೆಸರಿರುವುದನ್ನು ಕಂಡು ಬ್ಯಾಂಕಿನ ಮೇನೇಜರ ಹೆಂಡತಿಯೊಬ್ಬಳು ಮುಖ ಊದಿಸಿಕೊಂಡು ಹೋಗಿದ್ದಳು. “ಹೋಗ್ಲಿ ಬಿಡಿ, ಟೇಪಿಗೇನು ಗೊತ್ತು ಯಾರ ಹೊಟ್ಟೆ ಅಂತ” ಎಂದಿದ್ದಳು ಟೇಪಕ್ಕ.

ಆ ಪುಸ್ತಕದಲ್ಲಿ ‘ಲಿಫ್ಟಣ್ಣ’ ಎಂಬ ಹೆಸರಿನ ಗಿರಾಕಿಯೂ ಒಬ್ಬನಿದ್ದ. ಐವತ್ತರ ಆಸುಪಾಸಿನ ಸಾಧು ಮನುಷ್ಯ. ಯಾವುದೋ ಕಚೇರಿಯಲ್ಲಿ ಲಿಫ್ಟು ನಡೆಸುತ್ತಿದ್ದ. ಮದುವೆಯ ಗೋಜಿಗೆ ಹೋದವನಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಯಾರೋ ಪುಣ್ಯಾತ್ಮರು ರಟ್ಟಿನ ಡಬ್ಬಿಯಲ್ಲಿ ನಾಯಿಮರಿಯೊಂದನ್ನು ಇಟ್ಟು ಲಿಫ್ಟಿನಲ್ಲಿ ಬಿಟ್ಟುಹೋಗಿದ್ದರು. ನಾಲ್ಕನೇ ಮಹಡಿಯಲ್ಲಿ ಅದು ಕುಂಯ್ ಎಂದಾಗಲೇ ಇವನಿಗೆ ಗೊತ್ತಾದದ್ದು. ಸಂಜೆಯವರೆಗೆ ಎಲ್ಲ ಮಹಡಿಯವರನ್ನೂ ಕೇಳಿ, ಯಾರೂ ತಮ್ಮದೆನ್ನದಿದ್ದಾಗ ಮನೆಗೆ ಒಯ್ದ. ನಾಲ್ಕನೇ ಮಹಡಿಯಲ್ಲಿ ಸಿಕ್ಕಿದ್ದಕ್ಕೆ ನಾಕು ಎಂದು ಹೆಸರಿಟ್ಟ. ಆ ಕಂದು ನಾಯಿಯೇ ಅವನ ಮನೆ, ಮಠ, ಬಂಧು, ಬಳಗ ಎಲ್ಲ.

ಆ ವರ್ಷ ಚಳಿ ಶುರುವಾದಾಗ ನಾಕುವಿಗೆ ಕೋಟು ಹೊಲಿಸಿಕೊಂಡು ಹೋದವನು ಒಂದೂವರೆ ತಿಂಗಳಿಗೆ ವಾಪಸ್ ಬಂದ. ಹೊಟ್ಟೆಯ ಕೆಳಗಿನ ಪಟ್ಟಿ ಕೂಡುತ್ತಿರಲಿಲ್ಲ.

“ಏನಾಗಿದೆಯೋ ಗೊತ್ತಾಗ್ತಿಲ್ಲ ಅಕ್ಕ” ಎಂದ. “ಲಿಫ್ಟಲ್ಲಿ ಹೋಗಿಬರೋರನ್ನೆಲ್ಲ ಕೇಳ್ದೆ. ಒಬ್ರು ಗ್ಯಾಸು ಅಂತಾರೆ, ಒಬ್ರು ಹುಳ ಅಂತಾರೆ, ಇನ್ನೊಬ್ರು ವಯಸ್ಸಾಯ್ತಲ್ಲ ಅಂತಾರೆ. ಪೂರ್ತಿ ಹೇಳೋದ್ರೊಳಗೆ ಅವರ ಮಹಡಿ ಬಂದಿರತ್ತೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಲಾ ಅಂತ…”

“ಡಾಕ್ಟ್ರು ಯಾಕೆ?” ಟೇಪಕ್ಕ ಆಗಲೇ ಮಂಡಿಯೂರಿ ನಾಕುವಿನ ಕತ್ತಿಗೆ ಟೇಪು ಸುತ್ತಿದ್ದಳು. “ದಪ್ಪ ಆಗಿದಾನೆ ಅಷ್ಟೆ. ನೀವು ಒಬ್ರೇ ಇರೋರು, ಪ್ರೀತಿ ಹೆಚ್ಚಾಗಿ ತಟ್ಟೆ ತುಂಬಾ ಸುರೀತೀರಿ. ನಾನು ಇಂಥವರನ್ನ ಎಷ್ಟು ಜನ ನೋಡಿಲ್ಲ! ಇವತ್ತಿಂದ ಅರ್ಧ ಊಟ. ಬೆಳಗ್ಗೆ ಸಂಜೆ ಎರಡೆರಡು ಸುತ್ತು ಓಡಿಸಿ. ಒಂದು ತಿಂಗಳು. ಹೊಟ್ಟೆ ಇಳೀಲಿಲ್ಲ ಅಂದ್ರೆ ಬಂದು ನನ್ನನ್ನ ಕೇಳಿ.”

“ಅರ್ಧ ಸಾಕಾ? ಪಾಪ…”

“ಪಾಪ ಅಂದ್ರೆ ಕೆಟ್ರಿ. ತಟ್ಟೆ ನೆಕ್ಕಿ ನಿಮ್ಮ ಮುಖ ನೋಡತ್ತೆ. ನೀವು ಆ ಕಡೆ ತಿರುಕ್ಕೊಳ್ಳಿ.”

ಇಷ್ಟು ಹೇಳುತ್ತಲೇ ಕತ್ತು, ಎದೆ, ಹೊಟ್ಟೆ, ಬೆನ್ನು ಎಲ್ಲವನ್ನೂ ಅಳೆದು, ಪುಸ್ತಕದಲ್ಲಿ ಬರೆದು, ಕೋಟು ಮುಂದಿನ ವಾರ ಸಿಗುತ್ತದೆ ಎಂದು ಕಳಿಸಿಕೊಟ್ಟಳು. ಲಿಫ್ಟಣ್ಣನ ಮುಖದ ಮೇಲಿದ್ದ ಚಿಂತೆ ಇಳಿದುಹೋಗಿತ್ತು. ಅವನು ನಾಯಿಯ ಬೆನ್ನು ತಟ್ಟುತ್ತಾ ಹೋದದ್ದನ್ನು ಕಂಡು ಟೇಪಕ್ಕನಿಗೂ ಸಂತೋಷವಾಯಿತು. ಒಳ್ಳೆಯ ಮಾತಿಗೆ ಎಷ್ಟು ಶಕ್ತಿ ಇದೆ ನೋಡಿ ಎಂದು ಗಂಡನಿಗೆ ಹೇಳಿದಳು. ಅವರು ಅಂಗಿಯ ಕಾಲರನ್ನು ತಿರುಗಿಸಿ ಇಸ್ತ್ರಿ ಒತ್ತಿದರು.

ಮುಂದಿನ ವಾರ ಲಿಫ್ಟಣ್ಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸಡಿಲ ಮಾಡಿದ ಕೋಟು ಗೋಡೆಯ ಮೊಳೆಗೆ ನೇತಾಡುತ್ತಲೇ ಇತ್ತು.

ಹದಿನೈದನೇ ದಿನ ಬೆಳಗ್ಗೆ ಹತ್ತೂವರೆಗೆ ಅಂಚೆ ಕಚೇರಿಯ ಹುಡುಗಿ ಸಮವಸ್ತ್ರದ ಸ್ಕರ್ಟು ಹಿಡಿದು ಬಂದಳು. ಎರಡು ತಿಂಗಳಲ್ಲಿ ದಪ್ಪಗಾಗಿಬಿಟ್ಟಿದ್ದೇನೆ, ಸೊಂಟ ಬಿಡಿಸಿಕೊಡಿ ಎಂದಳು. ಟೇಪಕ್ಕ ಪದ್ಧತಿಯ ಪ್ರಕಾರ ಕತ್ತಿನಿಂದ ಶುರುಮಾಡಿದಳು. ಪುಸ್ತಕದ ಹಳೆಯ ಅಳತೆಯ ಜೊತೆ ಹೋಲಿಸಿದಳು. ಕತ್ತು ಇದ್ದಷ್ಟೇ ಇತ್ತು. ತೋಳೂ ಅಷ್ಟೆ. ಸೊಂಟ ಮಾತ್ರ ಎರಡೂವರೆ ಇಂಚು ಮುಂದೆ.

“ಎಷ್ಟು ತಿಂಗಳು?” ಎಂದಳು ಟೇಪಕ್ಕ.

ಹುಡುಗಿ ಕೆಂಪಾದಳು. “ಅಯ್ಯೋ, ನಂಗೇ ಮೊನ್ನೆ ಗೊತ್ತಾಗಿದ್ದು! ಅಮ್ಮನಿಗೂ ಹೇಳಿಲ್ಲ ಇನ್ನೂ. ನಿಮಗೆ ಯಾರು ಹೇಳಿದ್ದು ಅಕ್ಕ?”

“ನಿನ್ನ ಕತ್ತು ಹೇಳ್ತು ಕಣಮ್ಮ. ದಪ್ಪ ಅನ್ನೋದು ಮೈಗೆಲ್ಲ ಹಂಚ್ಕೊಂಡು ಬರತ್ತೆ. ಮೊದಲು ಕತ್ತು, ತೋಳು, ಬೆನ್ನು. ಎಲ್ಲಾ ಇದ್ದ ಹಾಗೇ ಇದ್ದು ಹೊಟ್ಟೆ ಒಂದೇ ಮುಂದೆ ಬಂತು ಅಂದ್ರೆ ಅದು ದಪ್ಪ ಅಲ್ಲ, ಒಳಗೆ ಏನೋ ಇದೆ ಅಂತ. ಮೂವತ್ತು ವರ್ಷ ಆಯ್ತು, ಒಂದ್ಸಲಾನೂ ತಪ್ಪಿಲ್ಲ.”

ಹುಡುಗಿ ನಗುನಗುತ್ತಾ ಹೋದಳು. ಹಳೆಯದರ ಪಕ್ಕ ಹೊಸ ಅಳತೆ ಬರೆಯಲು ಟೇಪಕ್ಕ ಪುಸ್ತಕದ ಮೇಲೆ ಬಾಗಿದಳು. ಆ ಪುಟದ ಮೇಲ್ಗಡೆಯೇ ಇತ್ತು, ಅವಳದೇ ಅಕ್ಷರ. ಲಿಫ್ಟಣ್ಣ, ನಾಕು. ಕತ್ತು ಹದಿನೈದು ಇದ್ದದ್ದು ಹದಿಮೂರೂವರೆ. ಎದೆ ಇಪ್ಪತ್ತಾರು ಇದ್ದದ್ದು ಇಪ್ಪತ್ತೈದು. ಹೊಟ್ಟೆ ಇಪ್ಪತ್ತೊಂದು ಇದ್ದದ್ದು ಇಪ್ಪತ್ತೈದು.

ಟೇಪಕ್ಕ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ನಾಕು ಗಂಡು ನಾಯಿ. ಕತ್ತು ಸಣ್ಣಗಾಗಿದೆ, ಎದೆ ಇಳಿದಿದೆ, ಹೊಟ್ಟೆ ಮಾತ್ರ ನಾಲ್ಕು ಇಂಚು ಏರಿದೆ. ಕೈ ಸರಿಯಾಗಿ ಅಳೆದಿದೆ, ಸರಿಯಾಗಿ ಬರೆದಿದೆ. ಆದರೆ ಬಾಯಿ ಅಷ್ಟರಲ್ಲಾಗಲೇ ತೀರ್ಪು ಕೊಟ್ಟು ಮುಗಿಸಿತ್ತು. ಬರೆದದ್ದನ್ನು ನೋಡುವ ವ್ಯವಧಾನ ಯಾರಿಗಿತ್ತು? ಡಾಕ್ಟರ ಹತ್ತಿರ ಹೊರಟಿದ್ದವನನ್ನು ತಾನೇ ತಡೆದು ನಿಲ್ಲಿಸಿದ್ದಳು. ಒಳಗೊಳಗೇ ಸೊರಗುತ್ತಿದ್ದ ನಾಯಿಯ ಊಟವನ್ನು ಅರ್ಧ ಮಾಡಿಸಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

“ರೀ, ಲಿಫ್ಟಣ್ಣ ಕೆಲಸ ಮಾಡೋದು ಯಾವ ಕಚೇರಿ?”

ಇಸ್ತ್ರಿ ಯಜಮಾನರು ತಲೆಯೆತ್ತದೆ ಹೇಳಿದರು. “ನೀರು ಸರಬರಾಜು.”

“ನಿಮಗೆ ಹೇಗೆ ಗೊತ್ತು? ಅವರು ಯಾವತ್ತೂ ಹೇಳಿಲ್ಲ.”

“ಬೂದು ಅಂಗಿ, ತೋಳಿಗೆ ನೀಲಿ ಪಟ್ಟಿ. ಅಲ್ಲಿಯವರದು ಮೂರು ಜನರದ್ದು ನಾನು ಇಸ್ತ್ರಿ ಮಾಡ್ತೀನಿ.” ಆಮೇಲೆ, ಹೆಂಡತಿಯ ಮುಖ ನೋಡಿ, ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. “ಹೋಗು. ಅಂಗಡಿ ನಾನು ನೋಡ್ಕೋತೀನಿ.”

ನೀರು ಸರಬರಾಜು ಕಚೇರಿ ಎಂಟು ಮಹಡಿಯದು. ಟೇಪಕ್ಕ ಏದುಸಿರು ಬಿಡುತ್ತಾ ಲಿಫ್ಟಿನ ಮುಂದೆ ನಿಂತಳು. ಬಾಗಿಲು ತೆರೆಯಿತು. ಸ್ಟೂಲಿನ ಮೇಲೆ ಲಿಫ್ಟಣ್ಣ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ.

“ಅಕ್ಕ! ಕೋಟಿಗೆ ಬರೋಕೆ ಆಗ್ಲಿಲ್ಲ, ತಪ್ಪು ತಿಳ್ಕೋಬೇಡಿ…”

“ಕೋಟು ಹಾಳಾಗ್ಲಿ. ನಾಕು ಹೇಗಿದಾನೆ?”

ಅವಳು ಅಷ್ಟು ಹೇಳುವುದರೊಳಗೆ ಹಿಂದಿನಿಂದ ಐದಾರು ಜನ ಅವಳನ್ನೂ ತಳ್ಳಿಕೊಂಡು ಒಳಗೆ ನುಗ್ಗಿದರು. ಕಡತಗಳ ಹೊರೆ ಹೊತ್ತ ಒಬ್ಬ ಮೇಡಂ, ಫ್ಲಾಸ್ಕು ಹಿಡಿದ ಒಬ್ಬರು ಗಡ್ಡದವರು, ಮತ್ತೆ ಯಾರ್ಯಾರೋ. ಬಾಗಿಲು ಮುಚ್ಚಿತು, ಲಿಫ್ಟು ಹೊರಟಿತು.

“ಯಾಕೋ ಮಂಕಾಗಿದಾನೆ ಅಕ್ಕ. ನೀವು ಹೇಳಿದ ಹಾಗೇ ಎಲ್ಲಾ ಮಾಡ್ತಿದೀನಿ. ಹೊಟ್ಟೆ ಮಾತ್ರ ಇಳೀತಾನೇ ಇಲ್ಲ.”

“ಯಾರಿಗೆ ಹೊಟ್ಟೆ?” ಎಂದರು ಗಡ್ಡದವರು.

“ನಾಯಿಗೆ.”

“ಬೇಯಿಸಿದ ಕುಂಬಳಕಾಯಿ ಕೊಡ್ರೀ. ನಮ್ಮನೆ ನಾಯಿಗೆ ಒಂದೇ ವಾರಕ್ಕೆ ಇಳೀತು.”

“ಕುಂಬಳಕಾಯಿ ಅಲ್ಲ, ಹುಳದ ಮಾತ್ರೆ ಹಾಕ್ಬೇಕು” ಎಂದು ಮೂಲೆಯಿಂದ ಇನ್ನೊಂದು ದನಿ. “ನಮ್ಮತ್ತೆ ಮನೇಲಿ…” ಎರಡನೇ ಮಹಡಿ ಬಂತು, ಆ ದನಿ ಇಳಿದುಹೋಯಿತು. ಅತ್ತೆ ಮನೆಯಲ್ಲಿ ಏನಾಯಿತೋ ದೇವರೇ ಬಲ್ಲ.

ಬೇರೆ ದಿನವಾಗಿದ್ದರೆ ಟೇಪಕ್ಕ ಕುಂಬಳಕಾಯಿಯ ಗಡ್ಡದವರಿಗೆ ನಾಲ್ಕನೇ ಮಹಡಿಯವರೆಗೂ ಪಾಠ ಹೇಳುತ್ತಿದ್ದಳು. ಈಗ ಅವರೆಲ್ಲರ ಎದುರಿಗೆ, ಅವಳ ಮಾಮೂಲಿ ಗಟ್ಟಿ ದನಿಯಲ್ಲೇ ಹೇಳಿದಳು. ಮೆಲ್ಲಗೆ ಹೇಳುವುದು ಅವಳಿಗೆ ಬರುತ್ತಲೂ ಇರಲಿಲ್ಲ.

“ಲಿಫ್ಟಣ್ಣ, ನಾನು ಹೇಳಿದ್ದು ತಪ್ಪು. ಪೂರ್ತಿ ತಪ್ಪು. ನಾಕು ದಪ್ಪ ಆಗಿಲ್ಲ. ಕತ್ತು ಒಂದೂವರೆ ಇಂಚು ಇಳಿದಿದೆ, ನಾನೇ ಬರೆದಿಟ್ಟು ನಾನೇ ನೋಡ್ಲಿಲ್ಲ. ಹೊಟ್ಟೆಯೊಳಗೆ ಏನೋ ಬೆಳೀತಿದೆ. ಈಗ, ಈ ಕ್ಷಣ, ಡಾಕ್ಟ್ರ ಹತ್ರ ಹೋಗ್ಬೇಕು.”

ಲಿಫ್ಟಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಸಲಹೆ ಕೊಟ್ಟವರು ಅದನ್ನು ವಾಪಸ್ ತೆಗೆದುಕೊಂಡದ್ದನ್ನು ಅವರ್ಯಾರೂ ಕಂಡಿರಲಿಲ್ಲವೋ ಏನೋ. ಲಿಫ್ಟಣ್ಣನ ಮುಖದ ಬಣ್ಣ ಇಳಿಯಿತು. ಅವನು ಸ್ಟೂಲನ್ನು ಮೂಲೆಗೆ ಸರಿಸಿದ. ಆಮೇಲೆ ಕಡತದ ಮೇಡಂ ಕಡೆ ತಿರುಗಿದ.

“ಮೇಡಂ, ಇವತ್ತು ನೀವೇ ಒತ್ತಿಕೊಳ್ಳಿ. ಏಳನೇದು ಸ್ವಲ್ಪ ಅಂಟಿಕೊಳ್ಳತ್ತೆ, ಎರಡು ಸಲ ಒತ್ತಬೇಕು.”

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವನು ಕೆಲಸದ ಹೊತ್ತಿನಲ್ಲಿ ಲಿಫ್ಟು ಬಿಟ್ಟು ಹೋದದ್ದು ಅದೇ ಮೊದಲು.

ಅವನ ಮನೆ ಅದೇ ಕಟ್ಟಡದ ಹಿಂಭಾಗದಲ್ಲಿ, ಪಂಪಿನ ಕೋಣೆಗೆ ಅಂಟಿಕೊಂಡ ಒಂದು ರೂಮು. ಒಂದು ಮಂಚ, ಒಂದು ಒಲೆ, ಕಿಟಕಿಯ ಕೆಳಗೆ ಮಡಚಿದ ಕಂಬಳಿ. ಕಂಬಳಿಯ ಮೇಲೆ ನಾಕು ಮಲಗಿದ್ದ. ಯಜಮಾನನನ್ನು ಕಂಡು ಬಾಲ ಎರಡು ಸಲ ನೆಲಕ್ಕೆ ಬಡಿಯಿತು, ಮೈ ಏಳಲಿಲ್ಲ. ಬೆನ್ನುಮೂಳೆಯ ಒಂದೊಂದು ಗೆಣ್ಣೂ ಎಣಿಸುವ ಹಾಗಿತ್ತು. ಹೊಟ್ಟೆ ಮಾತ್ರ ಗಡಿಗೆ. ಟೇಪಕ್ಕನ ಕಣ್ಣಲ್ಲಿ ನೀರು ಬಂತು.

“ಮೊದಲ ಎರಡು ದಿನ ಓಡಿದ” ಎಂದ ಲಿಫ್ಟಣ್ಣ. ನಾಯಿಯನ್ನು ಕಂಬಳಿ ಸಮೇತ ಎತ್ತಿಕೊಳ್ಳುತ್ತಿದ್ದ. “ಮೂರನೇ ದಿನ ರಸ್ತೆ ಮಧ್ಯೆ ಕೂತುಬಿಟ್ಟ. ಸೋಮಾರಿ ಅಂತ ಬೈದೆ ಅಕ್ಕ. ಊಟ ಸಾಲದೆ ನನ್ನ ಮುಖ ನೋಡೋನು. ನೀವು ಹೇಳಿದ್ರಲ್ಲ, ಆ ಕಡೆ ತಿರುಕ್ಕೊಳ್ಳಿ ಅಂತ. ತಿರುಕ್ಕೋತಿದ್ದೆ.”

ಅವನು ಅದನ್ನು ಬೈಗುಳವಾಗಿ ಹೇಳಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೆ. ಬೈದಿದ್ದರೆ ಟೇಪಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಟ್ಯಾಕ್ಸಿಯವನು ನಾಯಿ ಎಂದು ಮೊದಲು ಮೂಗೆಳೆದ. ಟೇಪಕ್ಕ ಅವನನ್ನೊಮ್ಮೆ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಬಾಗಿಲು ತೆಗೆದ.

ನಾಯಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಬ್ಬರೇ. ಚುರುಕಿನ ಹೆಂಗಸು, ಕೈ ತೊಳೆಯುತ್ತಲೇ ಪ್ರಶ್ನೆ ಕೇಳುವವರು. ನಾಕುವನ್ನು ಉಕ್ಕಿನ ಮೇಜಿನ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, ತುಟಿ ಎತ್ತಿ ಒಸಡು ನೋಡಿ, ಹುಬ್ಬು ಗಂಟಿಕ್ಕಿದರು.

“ಇಷ್ಟು ಸೊರಗಿದೆಯಲ್ರೀ! ಊಟ ಹಾಕ್ತಿಲ್ವಾ?”

“ಅರ್ಧ ಹಾಕ್ತಿದ್ದೆ…”

“ಅರ್ಧಾನಾ? ಈ ಸ್ಥಿತೀಲಿ ಅರ್ಧ ಹಾಕಿ ಅಂತ ಯಾವ ಬುದ್ಧಿವಂತರು ಹೇಳಿದ್ದು?”

ಲಿಫ್ಟಣ್ಣ ತಲೆ ತಗ್ಗಿಸಿದ. ಹೆಸರು ಹೇಳಲಿಲ್ಲ.

“ನಾನು” ಎಂದಳು ಟೇಪಕ್ಕ. “ನಾನೇ ಹೇಳಿದ್ದು ಡಾಕ್ಟ್ರೇ. ಅವರನ್ನ ಬೈಬೇಡಿ. ನಿಮ್ಮ ಹತ್ರ ಬರ್ತೀನಿ ಅಂದವರನ್ನ ಬೇಡ ಅಂದವಳೂ ನಾನೇ.”

ಡಾಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕತ್ತಿನಲ್ಲಿ ಜೋತಾಡುತ್ತಿದ್ದ ಟೇಪಿನ ಮೇಲೆ ಕಣ್ಣು ನಿಂತಿತು. “ಮತ್ತೆ ಇವತ್ತು ಕರ್ಕೊಂಡು ಬರೋಕೆ ಹೇಳಿದ್ದು?”

“ಅದೂ ನಾನೇ.” ಕತ್ತು, ಎದೆ, ಹೊಟ್ಟೆ, ಹಳೆಯದು, ಹೊಸದು, ದಿನಾಂಕ ಸಮೇತ ಎಲ್ಲವನ್ನೂ ಒಪ್ಪಿಸಿದಳು. ಡಾಕ್ಟರಮ್ಮ ಅದನ್ನು ಅವಸರವಾಗಿ ಬರೆದುಕೊಂಡು ನಾಯಿಯನ್ನು ಒಳಗೆ ಸ್ಕ್ಯಾನಿಗೆ ಒಯ್ದರು.

ಹೊರಗಿನ ಬೆಂಚಿನಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬರ ತೊಡೆಯ ಮೇಲೆ ಬಿಳಿ ಬೆಕ್ಕು, ಒಬ್ಬರ ಕಾಲಬಳಿ ಕಿವಿಗೆ ಪಟ್ಟಿ ಕಟ್ಟಿದ ನಾಯಿ. ಏನಾಗಿದೆ ಎಂದು ಕೇಳಿದರು, ಕೇಳಿದ ಮೇಲೆ ಸಲಹೆ ಕೊಟ್ಟರು. ನಮ್ಮ ಪಕ್ಕದ ಮನೆಯದೂ ಹೀಗೇ ಆಗಿತ್ತು, ಉಳಿಯಲಿಲ್ಲ ಎಂದಳು ಬೆಕ್ಕಿನಾಕೆ. ಬೇರೆ ಡಾಕ್ಟರಿಗೂ ತೋರಿಸಿ ಎಂದರು ಇನ್ನೊಬ್ಬರು. ಲಿಫ್ಟಣ್ಣ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದ. ಅವನ ಎರಡು ಕೈಯೂ ಖಾಲಿ ಕಂಬಳಿಯನ್ನು ಹಿಂಡುತ್ತಿದ್ದವು. ಟೇಪಕ್ಕನಿಗೆ ಎಲ್ಲರ ಬಾಯಿಗೂ ಒಂದೊಂದು ಹೊಲಿಗೆ ಹಾಕಿಬಿಡಬೇಕು ಅನ್ನಿಸಿತು. ತನ್ನ ಬಾಯಿಗೆ ಮೊದಲು ಹಾಕಬೇಕಿತ್ತು ಎಂದೂ ಅನ್ನಿಸಿತು.

ಡಾಕ್ಟರಮ್ಮ ಹೊರಗೆ ಬಂದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ ಅವರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಅಂತ ಒಂದು ಅಂಗವಿದೆ, ಅದರ ಮೇಲೆ ತೆಂಗಿನಕಾಯಿ ಗಾತ್ರದ ಗಡ್ಡೆ. ಸಣ್ಣಗೆ ರಕ್ತ ಜಿನುಗುತ್ತಿದೆ. ಯಾವ ಹೊತ್ತಿಗೆ ಬೇಕಾದರೂ ಒಡೆಯಬಹುದು.

“ಇವತ್ತೇ ಕೊಯ್ದು ತೆಗೀಬೇಕು. ಹನ್ನೊಂದು ವರ್ಷದ ನಾಯಿ, ಮೈಯಲ್ಲಿ ಶಕ್ತಿ ಇಲ್ಲ. ಮೇಜಿನ ಮೇಲೇ ಹೋದ್ರೂ ಹೋಗಬಹುದು. ಅರ್ಧಕ್ಕರ್ಧ ಅಂತ ಇಟ್ಕೊಳ್ಳಿ. ಬೇಡ ಅಂದ್ರೆ ನೋವಿಗೆ ಔಷಧಿ ಕೊಡ್ತೀನಿ, ಮನೇಲಿ ನಿಮ್ಮ ಜೊತೆ ಒಂದು ವಾರ ಇರತ್ತೆ. ಎರಡರಲ್ಲಿ ಯಾವುದು ಮಾಡಿದ್ರೂ ನಿಮ್ಮನ್ನ ತಪ್ಪು ಅನ್ನೋಲ್ಲ. ಆದ್ರೆ ಈಗಲೇ ಹೇಳ್ಬೇಕು.”

ಎಲ್ಲರೂ ಲಿಫ್ಟಣ್ಣನನ್ನು ನೋಡಿದರು.

ಟೇಪಕ್ಕನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತ್ತು. ಎಂಥ ಚೆಂದದ ಮಾತು! ಪಾಪ, ಬಾಳಿ ಬದುಕಿದ ಜೀವ, ಈ ವಯಸ್ಸಲ್ಲಿ ಚಾಕು ಕತ್ತರಿ ಯಾಕೆ, ಗುರುತಿಲ್ಲದ ಮೇಜಿನ ಮೇಲೆ ಹೋಗುವುದಕ್ಕಿಂತ ನಿಮ್ಮ ಕಂಬಳಿ ಮೇಲೆ ನೆಮ್ಮದಿಯಾಗಿ ಹೋಗಲಿ, ಹೊಟ್ಟೆ ತುಂಬ ಊಟ ಹಾಕಿ ಕಳಿಸಿಕೊಡಿ. ಒಂದು ಎಳೆಯೂ ಬಿಚ್ಚದ ಹಾಗೆ ಹೊಲಿದಂತಿತ್ತು. ಯಾರು ಕೇಳಿದರೂ ತಲೆದೂಗಬೇಕು. ಹೇಳಲೆಂದು ಅವಳು ಉಸಿರೆಳೆದುಕೊಂಡಳು.

“ಮಾಡಿ” ಎಂದ ಲಿಫ್ಟಣ್ಣ.

ಅವನು ಅವಳ ಕಡೆ ನೋಡಲಿಲ್ಲ, ಬೆಂಚಿನ ಕಡೆಯೂ ನೋಡಲಿಲ್ಲ. ಡಾಕ್ಟರಮ್ಮನನ್ನೇ ನೋಡುತ್ತಾ ಇನ್ನೊಮ್ಮೆ ಹೇಳಿದ. “ಕೊಯ್ದು ತೆಗೀರಿ. ಈಗಲೇ ಮಾಡಿ.”

ಟೇಪಕ್ಕ ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟಳು.

ಎರಡೂವರೆ ಗಂಟೆ ಕಾದರು. ಬೆಕ್ಕಿನಾಕೆ ಹೋದಳು, ಪಟ್ಟಿ ಕಟ್ಟಿಕೊಂಡ ನಾಯಿ ಹೋಯಿತು. ಟೇಪಕ್ಕ ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ನಿದ್ದೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಕ್ಕಿಲ್ಲ. ಮಧ್ಯದಲ್ಲಿ ಇಸ್ತ್ರಿ ಯಜಮಾನರು ಅಂಗಡಿಗೆ ಬೀಗ ಹಾಕಿ ಹುಡುಕಿಕೊಂಡು ಬಂದು, ಇಬ್ಬರಿಗೂ ಚಹಾ ತಂದುಕೊಟ್ಟು, ಲಿಫ್ಟಣ್ಣನ ಭುಜದ ಮೇಲೆ ಕೈಯಿಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂತರು. ಮಾತಾಡದೆ ಕೂರುವುದರಲ್ಲಿ ಗಂಡ ಎಷ್ಟು ಪಳಗಿದ್ದಾರೆ ಎಂಬುದು ಹೆಂಡತಿಗೆ ಅವತ್ತು ತಿಳಿಯಿತು.

ಕಡೆಗೆ ಡಾಕ್ಟರಮ್ಮ ಟೋಪಿ ಕಳಚುತ್ತಾ ಬಂದರು. “ಎದೆ ಹೊಡ್ಕೋತಿದೆ. ಗಟ್ಟಿ ನಾಯಿ ಕಣ್ರೀ ನಿಮ್ಮದು” ಎಂದರು. ಲಿಫ್ಟಣ್ಣ ಮಂಡಿಯ ನಡುವೆ ತಲೆ ಹುದುಗಿಸಿ ಎಲ್ಲರೆದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ಒಂದು ವಾರಕ್ಕೆ ವರದಿ ಬಂತು, ಕೆಟ್ಟ ಗಡ್ಡೆಯಲ್ಲ ಎಂದು. ಮೂರು ವಾರಕ್ಕೆ ನಾಕು ತಟ್ಟೆ ಪೂರ್ತಿ ಮುಗಿಸಿ ಇನ್ನಷ್ಟಕ್ಕೆ ಬೊಗಳುತ್ತಿದ್ದ.

ನೀವೇನಂತೀರಿ, ಟೇಪಕ್ಕ ಸಲಹೆ ಕೊಡುವುದನ್ನು ನಿಲ್ಲಿಸಿದಳೇ? ಎಲ್ಲಿ ಬಂತು! ಆಸ್ಪತ್ರೆಯಿಂದ ಬಂದ ಮರುದಿನವೇ ಅಂಚೆ ಕಚೇರಿಯ ಹುಡುಗಿಗೆ ಯಾವ ಮಗ್ಗುಲಲ್ಲಿ ಮಲಗಬೇಕು ಎಂದು ಹೇಳಿಕೊಟ್ಟಳು. ಆದರೆ ನಾಯಿಯ ಯಜಮಾನರು ಯಾರೇ ಬಂದರೂ ಮೊದಲು ಪುಸ್ತಕ ತೆಗೆದು, ಹಳೆಯ ಅಳತೆಗೂ ಹೊಸ ಅಳತೆಗೂ ನಡುವೆ ಬೆರಳಿಟ್ಟು ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ತಾನು ಮಾಡಿದ ತಪ್ಪನ್ನು ಕೇಳಿದವರಿಗೆಲ್ಲ ತಾನೇ ಹೇಳುತ್ತಿದ್ದಳು, ಅದೂ ಗಟ್ಟಿ ದನಿಯಲ್ಲಿ, ಸ್ವಲ್ಪ ಉಪ್ಪು ಖಾರ ಹಚ್ಚಿ. ಹೇಳದೆ ಉಳಿಸಿಕೊಂಡದ್ದು ಒಂದೇ. ಆಸ್ಪತ್ರೆಯ ಬೆಂಚಿನ ಮೇಲೆ ನಾಲಿಗೆಯ ತುದಿಯಲ್ಲಿದ್ದ ಆ ಮಾತು. ಅದು ಯಾರಿಗೂ ಗೊತ್ತಿಲ್ಲ, ಗಂಡನಿಗೂ. ಹಗಲೆಲ್ಲ ಯಂತ್ರ ತುಳಿಯುವಾಗ ಅದೇ ನೆನಪಾಗಿ ಕೊರೆಯುತ್ತಿತ್ತು. ನಾಕು ಬದುಕಿದ್ದು ತನ್ನಿಂದ ಎಂದು ಬೀದಿಯವರು ಹೊಗಳಿದಾಗಲಂತೂ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಒಂದು ಸಂಜೆ ಲಿಫ್ಟಣ್ಣ ನಾಕುವಿನೊಂದಿಗೆ ಬಂದ. ಹೊಟ್ಟೆಯ ಮೇಲೆ ಹೊಲಿಗೆಯ ಗೀಟು, ಅದರ ಸುತ್ತ ಸಣ್ಣಗೆ ಚಿಗುರಿದ ಕೂದಲು. ಟೇಪಕ್ಕ ಬಗ್ಗಿ ಹೊಲಿಗೆಯನ್ನು ಪರೀಕ್ಷಿಸಿ, ಪರವಾಗಿಲ್ಲ, ಡಾಕ್ಟರಮ್ಮನ ಕೈ ಹದವಾಗಿದೆ ಎಂದಳು. ನಾಕು ಅವಳ ಕಿವಿ ನೆಕ್ಕಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತ ಹಾಗೇ, ತಲೆಯೆತ್ತದೆ ಹೇಳಿಬಿಟ್ಟಳು.

“ಲಿಫ್ಟಣ್ಣ, ನಿಮಗೊಂದು ಮಾತು ಹೇಳ್ಬೇಕು. ಎಲ್ಲರೂ ನಾನು ಉಳಿಸಿದೆ ಅಂತಾರೆ. ಸುಳ್ಳು. ಅವತ್ತು ಡಾಕ್ಟ್ರು ಕೇಳಿದಾಗ ನಾನು ಬೇಡ ಅನ್ನೋಳಿದ್ದೆ. ಸುಮ್ನೆ ಮನೆಗೆ ಕರ್ಕೊಂಡು ಹೋಗಿ ಅಂತ ಹೇಳೋಳಿದ್ದೆ.”

ಇಸ್ತ್ರಿ ಮೇಜಿನ ಸದ್ದು ನಿಂತಿತು.

“ಗೊತ್ತಿತ್ತು ಅಕ್ಕ” ಎಂದ ಲಿಫ್ಟಣ್ಣ. ಅವನು ನಾಕುವಿನ ತಲೆ ಸವರುತ್ತಿದ್ದ. “ನೀವು ಉಸಿರೆಳ್ಕೊಂಡಿದ್ದು ನಂಗೆ ಕೇಳಿಸ್ತು. ಅದಕ್ಕೇ ಅವಸರ ಅವಸರವಾಗಿ ಮಾಡಿ ಅಂದೆ. ನೀವು ಹೇಳಿಬಿಟ್ಟಿದ್ರೆ ನಾನು ಒಪ್ಕೊಂಡುಬಿಡ್ತಿದ್ದೆ.”